ವಿಷಯ: ತಾತ್ಕಾಲಿಕ ಬಾಯ್ಲರಿನ ಹೊಗೆಯ ಕುರಿತು

ಮಾನ್ಯ ಓದುಗರ ಅವಗಾಹನೆಗೆ ಮೊದಲಿಗೇ ತರಬಯಸುವುದೇನೆಂದರೆ, ನಾನು ಇದುವರೆಗೆ ಒಂದು ಪ್ರಬಂಧವನ್ನೂ ಬರೆದವನಲ್ಲ. ಮನವಿ, ಜ್ಞಾಪನ, ನೆನಪೋಲೆ, ಸಮಜಾಯಿಷಿ ಇವುಗಳನ್ನು ಮಾತ್ರ ಬರೆದಿದ್ದೇನೆ. ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಸೇರಿ ಗುಮಾಸ್ತನಾಗಿಯೇ ನಿವೃತ್ತನಾದ ನನಗೆ ಬರವಣಿಗೆಯೆಂದರೆ ‘ವಿಷಯ’ದಿಂದ ಆರಂಭವಾಗಿ ‘ತಮ್ಮ ವಿಶ್ವಾಸಿ’ಯಲ್ಲಿ ಮುಗಿಯತಕ್ಕ ವಸ್ತು. ನಡುವೆ ‘ಸದರಿ’ ಮತ್ತು ‘ಮೇಲ್ಕಂಡ’ ಎಂಬ ಪದಗಳು ಕಾಣದಿದ್ದರೆ ಅದು ಬರವಣಿಗೆಯೆಂದು ನನಗೆ ನಂಬಿಕೆಯೇ ಬರುವುದಿಲ್ಲ. ಈ ಅಭ್ಯಾಸವು ಮನೆಯವರೆಗೂ ವಿಸ್ತರಿಸಿದೆಯೆಂದು ದೂರುಗಳಿವೆ. ಹಿಂದೊಮ್ಮೆ ಚಿಂಚೋಳಿಯಲ್ಲಿರುವ ಮಾವನವರ ಆರೋಗ್ಯ ವಿಚಾರಿಸುತ್ತ, ‘ತಮ್ಮ ಮೊಣಕಾಲಿನ ಪ್ರಸ್ತುತ ಸ್ಥಿತಿಗತಿಯ ಬಗ್ಗೆ ಸವಿವರ ವರದಿಯನ್ನು ನಿರೀಕ್ಷಿಸಲಾಗಿದೆ’ ಎಂದು ಬರೆದಿದ್ದೆ. ಅವರು ಗಾಬರಿಯಾಗಿ ವೈದ್ಯರ ಚೀಟಿ, ಎಕ್ಸ್‌ರೇ ಎಲ್ಲವನ್ನೂ ಚೀಲದಲ್ಲಿ ತುಂಬಿಕೊಂಡು, ಅದೇ ಮೊಣಕಾಲಿನಲ್ಲಿ ಬಸ್ಸು ಹತ್ತಿ ಸೇಡಂಗೆ ಬಂದಿಳಿದರು. ‘ಇನ್ ಮ್ಯಾಲ ಪತ್ರ ಬರೀಬ್ಯಾಡ್ರಿ, ಫೋನ್ ಹಚ್ಚಿ ಮಾತಾಡ್ರಿ’ ಎಂದು ನನ್ನ ಹೆಂಡತಿ ಅಪ್ಪಣೆ ಮಾಡಿದಳು. ಸ್ವಲ್ಪ ಯೋಚಿಸಿ, ‘ಅಥವಾ ನಾನೇ ಮಾತಾಡ್ತೀನಿ ಬಿಡ್ರಿ’ ಎಂದು ತಿದ್ದುಪಡಿಯನ್ನೂ ಹೊರಡಿಸಿದಳು.

ಮನೆಯಲ್ಲಿ ಹೀಗೆ ನಿಷೇಧಕ್ಕೊಳಗಾದ ನನ್ನ ಬರವಣಿಗೆಗೆ ನಿವೃತ್ತಿಯ ನಂತರ ಆಶ್ರಯ ದೊರೆತದ್ದು ಸೇಡಂ ಹೊರಗೆ, ಚಿತ್ತಾಪುರದ ರಸ್ತೆಯಲ್ಲಿರುವ ಒಂದು ದಾಲ್ ಮಿಲ್ಲಿನಲ್ಲಿ. ಅಲ್ಲಿಯ ಸಾವಕಾರರು ತೊಗರಿಯ ಕಾಳನ್ನು ಕಚ್ಚಿ ನೋಡಿ ಅದು ಯಾವ ಊರಿನ ಹೊಲದ್ದೆಂದು ಹೇಳಬಲ್ಲವರು. ಆದರೆ ಸರಕಾರದ ಲಕೋಟೆ ಕಂಡರೆ ಬೆವರುವವರು. ಆದಕಾರಣ ಲಕೋಟೆಗಳನ್ನು ತೆರೆಯುವುದು ಮತ್ತು ಅವುಗಳಿಗೆ ಅವುಗಳದೇ ಭಾಷೆಯಲ್ಲಿ ಉತ್ತರ ಕೊಡುವುದು ನನ್ನ ಕೆಲಸ. ಮಿಲ್ಲಿನಲ್ಲಿ ಎಲ್ಲರೂ ನನ್ನನ್ನು ಮುನೀಮರೆಂದು ಕರೆಯುತ್ತಾರೆ. ಈ ವರ್ಷ ತೊಗರಿಯ ಸುಗ್ಗಿ ಆರಂಭವಾಗುವ ಮುನ್ನವೇ ಮಿಲ್ಲಿನ ಹಳೆಯ ಬಾಯ್ಲರು, ಇನ್ನು ನನ್ನಿಂದ ಆಗದೆಂದು ಕೊಳವೆಗಳನ್ನು ಒಡೆದುಕೊಂಡು ಕುಳಿತಿತು. ಬೇಳೆ ಮಾಡುವ ಮೊದಲು ತೊಗರಿಗೆ ಎಣ್ಣೆ ಸವರಿ, ನೀರು ಹೊಡೆದು, ನಂತರ ಒಣಗಿಸಬೇಕು. ಆಗ ಸಿಪ್ಪೆ ಬಿಡುತ್ತದೆ. ಬಿಸಿಲಿದ್ದರೆ ಅಂಗಳದಲ್ಲಿ ಒಣಗುತ್ತದೆ. ಮೋಡವಿದ್ದರೆ ಬಾಯ್ಲರಿನ ಉಗಿಯೇ ಗತಿ. ಸಾವಕಾರರು ಹೈದರಾಬಾದಿನಿಂದ ಬಾಡಿಗೆಗೆ ಒಂದು ಬಾಯ್ಲರನ್ನು ತರಿಸಿದರು. ಅದು ಚಕ್ರಗಳ ಮೇಲೆ, ಚಿಮಣಿಯನ್ನು ಮಡಚಿ ಮಲಗಿಸಿಕೊಂಡು, ದಿಬ್ಬಣದ ಗಾಡಿಯಂತೆ ಬಂತು.

ಬಂದ ಬಾಯ್ಲರಿಗೆ ಬೆಂಕಿ ಹಚ್ಚಿದರೆ ಮುಗಿಯಿತೆಂಬುದು ಸಾವಕಾರರ ಅಭಿಪ್ರಾಯವಾಗಿತ್ತು. ಹೊಗೆ ಬಿಡುವ ಯಾವುದೇ ಯಂತ್ರಕ್ಕೆ, ಅದು ತಾತ್ಕಾಲಿಕವಾದರೂ ಸಹ, ಮಾಲಿನ್ಯದ ಕಚೇರಿಯಿಂದ ಪೂರ್ವಾನುಮತಿ ಪಡೆಯತಕ್ಕದ್ದೆಂದು ನಾನು ತಿಳಿಸಿದೆ. ‘ಅದಕ್ಕ ಗಾಲಿ ಅದಾವಲ್ರಿ? ಲಾರಿಗೆ ಹೊಗಿ ಸರ್ಟಿಫಿಕೇಟು ಮಾಡಸ್ತೀವಲ್ಲ, ಹಂಗ ಪೆಟ್ರೋಲ್ ಪಂಪಿನಾಗ ಒಂದು ಮಾಡಿಸ್ರಿ’ ಎಂದರು. ಅರ್ಜಿ ನೋಡಿ ತನಿಖೆಗೆ ಬಂದ ತರುಣ ಅಧಿಕಾರಿಗೆ ನಾನು ಈ ಸಲಹೆಯನ್ನೇ ತುಸು ಗೌರವದ ಭಾಷೆಯಲ್ಲಿ ಮಂಡಿಸಿದೆ. ಅವರು ನಗಲಿಲ್ಲ. ‘ಗಾಲಿ ಇದ್ರೂ ಹೊಗಿ ಇಲ್ಲೇ ಇರ್ತದ್ರಿ’ ಎಂದಷ್ಟೇ ಹೇಳಿ, ಚಿಮಣಿಯ ಎತ್ತರವನ್ನೂ ಉರುವಲಿನ ವಿವರವನ್ನೂ ಪರಿಶೀಲಿಸಿ, ಎಲ್ಲ ಸರಿಯಿದೆಯೆಂದರು. ಹೊರಡುವಾಗ ಮಿಲ್ಲಿನ ಹಿಂದಿನ ಹಳ್ಳಿಯ ಮನೆಗಳತ್ತ ನೋಡಿ, ‘ಮನಿ ಭಾಳ ಹತ್ರ ಅದಾವ. ಪಂಚಾಯ್ತಿಯಿಂದ ಆಕ್ಷೇಪಣೆ ಇಲ್ಲಂತ ಒಂದು ಪತ್ರ ತರ್ರಿ, ಮರುದಿನಾನೇ ಅನುಮತಿ ಕೊಡ್ತೀನಿ’ ಎಂದರು.

ಒಂದು ಪತ್ರವೆಂದರೆ ನನಗೆ ಎಷ್ಟರ ಕೆಲಸ! ‘ನಾಳೆ ಬರುತ್ತದೆ’ ಎಂದು ಸಾವಕಾರರಿಗೆ ಭರವಸೆ ನೀಡಿದೆ. ಆ ಭರವಸೆಯನ್ನು ನಂಬಿ ಅವರು ಅಂದೇ ಗೋದಾಮಿನ ತೊಗರಿಗೆ ನೀರು ಹೊಡೆಸಿಬಿಟ್ಟರು. ಅದರಲ್ಲಿ ಮಿಲ್ಲಿನ ತೊಗರಿಗಿಂತ ಹಳ್ಳಿಯವರು ತಮ್ಮ ಮನೆಖರ್ಚಿಗೆ ಬೇಳೆ ಮಾಡಿಸಲು ತಂದು ಹಾಕಿದ್ದೇ ಹೆಚ್ಚು. ಪಂಚಾಯ್ತಿಯ ಅಧ್ಯಕ್ಷರಾದ ಕಾಶೀಬಾಯಿಯವರ ತೊಗರಿಯೂ ಅಲ್ಲಿತ್ತು. ಅದು ಅವರ ಮಗಳ ಲಗ್ನದ ಊಟಕ್ಕೆಂದು ಎತ್ತಿಟ್ಟ ತೊಗರಿ. ಬೀಗರು ವಾಡಿ ಜಂಕ್ಷನ್ನಿನ ರೈಲ್ವೆ ಮಂದಿ. ಎಲ್ಲ ಊರಿನ ಬೇಳೆಯನ್ನೂ ಉಂಡು ತೀರ್ಪು ಹೇಳಿ ಬಂದವರು. ನೀರು ಹೊಡೆಸಿದ ಮರುದಿನ ಬೆಳಗಾಗುತ್ತಲೇ ಆಕಾಶದಲ್ಲಿ ಮೋಡ ಮುಚ್ಚಿತು. ತೊಯ್ದ ತೊಗರಿ ಬಹಳ ಹೊತ್ತು ರಾಶಿಯಲ್ಲಿದ್ದರೆ ಒಳಗೊಳಗೇ ಬಿಸಿಯಾಗುತ್ತದೆ, ಆಮೇಲೆ ಹುಳಿಯುತ್ತದೆ. ಸಾವಕಾರರು ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿ ತೆಗೆದು, ಜ್ವರ ನೋಡಿದ ವೈದ್ಯರಂತೆ ನನ್ನ ಮುಖ ನೋಡಿದರು. ‘ಮುನೀಮ್ರ, ನಿಮ್ಮ ಪತ್ರ?’ ಎಂದರು.

ಪತ್ರವು ಆಗಲೇ ಪಂಚಾಯ್ತಿಯನ್ನು ತಲುಪಿತ್ತು. ‘ತಾತ್ಕಾಲಿಕ ಬಾಯ್ಲರ್ ಘಟಕವನ್ನು ಸ್ಥಾಪಿಸಲು ಉದ್ದೇಶಿಸಲಾಗಿದ್ದು, ಸದರಿ ಘಟಕದಿಂದ ಹೊರಹೊಮ್ಮುವ ಅಂಶಗಳಿಂದ ಗ್ರಾಮದ ವಾಯುಗುಣಮಟ್ಟಕ್ಕೆ ಬಾಧೆಯಾಗದಂತೆ ಸೂಕ್ತ ಕ್ರಮ ವಹಿಸಲಾಗುವುದು’ ಎಂಬ ಅದರ ಮೊದಲ ವಾಕ್ಯದ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು. ಪಂಚಾಯ್ತಿಯ ಜವಾನ ಅದನ್ನು ತನ್ನ ಮಟ್ಟಿಗೆ ಅರ್ಥ ಮಾಡಿಕೊಂಡು ಮೈಕಿನಲ್ಲಿ ಸಾರಿದ: ‘ದಾಲ್ ಮಿಲ್ಲಿನವರು ಬಾಯ್ಲರ್ ಹಾಕ್ಲಿಕತ್ತಾರ. ಗಾಳಿ ಕೆಡ್ತದೋ ಇಲ್ಲೋ ಕೇಳ್ಯಾರ. ಬೇಕನ್ನೋರು ಬ್ಯಾಡನ್ನೋರು ಎಲ್ಲಾರೂ ಪಂಚಾಯ್ತಿಗೆ ಬರ್ರಿ.’

ಈ ಹಂತದಲ್ಲಿ ಓದುಗರಿಗೆ ಒಂದು ಸಂಗತಿಯನ್ನು ತಿಳಿಯಪಡಿಸುವುದು ಅವಶ್ಯ. ನನಗೆ ಆಗ ಅದನ್ನು ಯಾರೂ ತಿಳಿಯಪಡಿಸಿರಲಿಲ್ಲ. ನಮ್ಮ ಕಡೆ ಕೋಳಿ ಅಂಗಡಿಗಳ ಫಲಕದಲ್ಲಿ ಎರಡು ಹೆಸರುಗಳಿರುತ್ತವೆ. ಮನೆಯಲ್ಲಿ ಸಾಕಿದ್ದು ಜವಾರಿ. ಫಾರಮ್ಮಿನಲ್ಲಿ ಬೆಳೆಸಿದ ಬಿಳಿ ಕೋಳಿ ಬಾಯ್ಲರ್. ಮಾಂಸಾಹಾರದ ಪರಿಚಯವಿಲ್ಲದ ನಾನು ಆ ಫಲಕಗಳನ್ನು ಎಂದೂ ಓದಿದವನಲ್ಲ. ಮಿಲ್ಲಿನ ಹಳೆಯದನ್ನು ಬರೀ ಚಿಮಣಿಯೆಂದೇ ಅರಿತಿದ್ದ ಊರವರು ಬೇರೆ ಯಾವ ಬಾಯ್ಲರನ್ನೂ ಕೇಳಿದವರಲ್ಲ.

ಪಂಚಾಯ್ತಿಯಲ್ಲಿ ಕುಳಿತುಕೊಳ್ಳಲು ಸ್ಥಳವಿರಲಿಲ್ಲ. ಸಭೆಯೆಂದರೆ ನನ್ನ ನಾಲಗೆಗೂ ಪತ್ರದ ಭಾಷೆಯೇ ಬರುತ್ತದೆ. ಕಾಶೀಬಾಯಿಯವರು ಸೆರಗು ಸರಿಪಡಿಸಿಕೊಂಡು ವಿಚಾರಣೆ ಆರಂಭಿಸಿದರು.

‘ಎಷ್ಟು ತರ್ತೀರ್ರಿ ಮುನೀಮ್ರ?’

‘ಸದ್ಯಕ್ಕೆ ಒಂದೇ ಘಟಕ, ತಾಯಿ.’

‘ಒಂದ್ರಾಗ ಎಷ್ಟಿರ್ತಾವ?’

ಅವರು ಬಾಯ್ಲರಿನೊಳಗಿನ ಕೊಳವೆಗಳ ಬಗ್ಗೆ ಕೇಳುತ್ತಿದ್ದಾರೆಂದು ತಿಳಿದ ನಾನು, ‘ಬಹಳ ಇರುತ್ತವೆ. ಗಾಳಿಯಾಡದಂತೆ ಒತ್ತೊತ್ತಾಗಿ ಜೋಡಿಸಿರುತ್ತಾರೆ’ ಎಂದೆ. ಹಿಂದಿನಿಂದ ಒಬ್ಬ ಮುದುಕಿ ‘ಪಾಪ’ ಎಂದಳು.

‘ಏನು ಹಾಕ್ತೀರಿ ಅದಕ್ಕ?’

‘ತೊಗರಿ ಹೊಟ್ಟು. ಹಗಲೂ ರಾತ್ರಿಯೂ ಹಾಕುತ್ತಲೇ ಇರಬೇಕು. ಬಿಟ್ಟರೆ ತಣ್ಣಗಾಗಿಬಿಡುತ್ತದೆ.’

‘ಮತ್ತ ಅದರ ಹೊಲಸು?’

ಬೂದಿಯ ಬಗ್ಗೆ ಇಷ್ಟು ಸೂಕ್ಷ್ಮವಾಗಿ ವಿಚಾರಿಸುವ ಗ್ರಾಮಸಭೆಯನ್ನು ನಾನು ಮನಸಾರೆ ಮೆಚ್ಚಿದೆ. ‘ಕೆಳಗೆ ಬೀಳುತ್ತದೆ. ದಿನವೂ ಬಳಿದು ತೆಗೆಯುತ್ತೇವೆ. ಹೊಲಕ್ಕೆ ಹಾಕಿದರೆ ಉತ್ತಮ ಗೊಬ್ಬರ’ ಎಂದೆ.

‘ಅದು ಖರೇ ಅದ’ ಎಂದು ಮುಂದಿನ ಸಾಲಿನಲ್ಲಿದ್ದ ಭೀಮಣ್ಣನೆಂಬ ಹಿರಿಯ ಒಪ್ಪಿದ. ‘ಆದ್ರ ನಾತ?’

‘ಅದಕ್ಕಾಗಿಯೇ ಉದ್ದದ ಚಿಮಣಿ ಇದೆಯಲ್ಲ! ಎಲ್ಲವೂ ಮೇಲಕ್ಕೆ ಹೋಗುತ್ತದೆ.’

‘ನಾತ ಹೋಗ್ಲಿಕ್ಕೂ ಚಿಮಣಿ ಇಡ್ತಾರಂತ್ರೆಪಾ! ಕಾಲ ಎಲ್ಲಿಗೆ ಬಂತು’ ಎಂದು ಭೀಮಣ್ಣ ಪಕ್ಕದವನಿಗೆ ಹೇಳಿದ.

‘ಜಡ್ಡು ಬಿದ್ದು ಸತ್ರ ಏನ್ ಮಾಡ್ತೀರಿ?’ ಕಾಶೀಬಾಯಿಯವರು ಕಣ್ಣು ಕಿರಿದು ಮಾಡಿ ಕೇಳಿದರು.

ಯಂತ್ರ ಕೆಟ್ಟು ನಿಲ್ಲುವುದನ್ನು ಗ್ರಾಮೀಣರು ಹೀಗೆ ವರ್ಣಿಸುತ್ತಾರೆಂದು ಭಾವಿಸಿದ ನಾನು, ‘ತಕ್ಷಣ ಹೈದರಾಬಾದಿಗೆ ವಾಪಸು ಕಳಿಸುತ್ತೇವೆ. ಅವರು ಸರಿಪಡಿಸಿ ಬೇರೆ ಕಡೆ ಕೊಡುತ್ತಾರೆ’ ಎಂದೆ.

‘ಯವ್ವಾ! ಸತ್ತದ್ದು ಸರಿಪಡಿಸಿ ಮಂದಿಗೆ ತಿನ್ನಸ್ತೀರೇನ್ರಿ?’

ಸಭೆ ಎದ್ದು ನಿಂತಿತು. ನೊಣ ಬರುತ್ತವೆಂದು ಒಬ್ಬರು, ಮಠದ ಹಾದಿಯಲ್ಲಿ ಇದೇನು ಅನಾಚಾರವೆಂದು ಇನ್ನೊಬ್ಬರು. ನೊಣಕ್ಕೂ ಉಗಿಗೂ ಇರುವ ಸಂಬಂಧ ನನಗೆ ಹೊಳೆಯಲಿಲ್ಲ. ಈ ಗದ್ದಲದ ನಡುವೆ ಭೀಮಣ್ಣ ನನ್ನ ಕಿವಿಯ ಬಳಿ ಬಾಗಿ, ಗುಟ್ಟಿನಲ್ಲಿ ಕೇಳಿದ: ‘ಅದೆಲ್ಲಾ ಇರ್ಲಿ ಮುನೀಮ್ರ. ತತ್ತಿ ಊರಾಗ ಕೊಡ್ತೀರೋ, ಅವೂ ಹೈದರಾಬಾದಿಗೇ ಹೋಗ್ತಾವೋ?’

ನನ್ನ ಸೇವಾವಧಿಯಲ್ಲಿ ಅನೇಕ ಪ್ರಶ್ನೆಗಳಿಗೆ ‘ಪರಿಶೀಲನೆಯಲ್ಲಿದೆ’ ಎಂದು ಉತ್ತರಿಸಿದ್ದೇನೆ. ಮೊಟ್ಟೆಯ ಈ ಪ್ರಶ್ನೆ ಬಂದ ಮೇಲೆ ಮಾತ್ರ, ಸಭೆಯ ಬಾಯ್ಲರಿಗೆ ರೆಕ್ಕೆಗಳಿವೆಯೆಂದು ನನಗೆ ಹೊಳೆಯಿತು. ಒಂದು ಲೋಟ ನೀರು ಕುಡಿದು, ಬಾಯ್ಲರೆಂದರೆ ಕಬ್ಬಿಣದ್ದು, ಒಳಗೆ ನೀರು ಕಾಯಿಸುತ್ತಾರೆ, ಅದರ ಉಗಿಯಿಂದ ತೊಗರಿ ಒಣಗುತ್ತದೆ ಎಂದು, ಹುಟ್ಟಿದಾರಭ್ಯ ಮೊದಲ ಬಾರಿಗೆ ‘ಸದರಿ’ ಇಲ್ಲದೆ ಮಾತಾಡಿದೆ. ಆಮೇಲೆ ಕಾಶೀಬಾಯಿಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಹೆಗಲು ಅಲುಗುವಂತೆ ನಕ್ಕರು. ‘ನೀರ ಕಾಸೋ ಹಂಡಾ ಅನ್ರಿ! ಹಂಡಾಕ್ಕ ಹಂಡಾ ಅನ್ಲಿಕ್ಕೆ ಏನು ಧಾಡಿ ಆಗಿತ್ತು ನಿಮಗ?’

ಇಲ್ಲಿಗೆ ಪ್ರಕರಣ ಇತ್ಯರ್ಥವಾಯಿತೆಂದು ನಾನು ಪೆನ್ನು ತೆಗೆದೆ. ಆದರೆ ಅವರ ನಗು ಅಷ್ಟರಲ್ಲಿ ಮುಗಿದಿತ್ತು. ‘ಹಂಡಾ ಆದ್ರೂ ಹೊಗಿ ಹೊಗೀನೇ. ತಾತ್ಕಾಲಿಕ ಅಂದ್ರ ಎಲ್ಲೀ ತನಕ?’ ಎಂದರು.

‘ಅಗತ್ಯವಿರುವವರೆಗೆ, ತಾಯಿ.’

‘ನಮ್ಮೂರ ಸಾಲ್ಯಾಗ ತಾತ್ಕಾಲಿಕ ಅಂತ ಒಂದು ತಗಡಿನ ಕೋಲಿ ಹಾಕಿದ್ರು. ಅದರಾಗ ನಾ ಕಲ್ತೆ, ನನ್ನ ಮಗಳು ಕಲ್ತಳು. ಈಗ ಆಕಿ ಲಗ್ನ ಬಂತು. ಕೋಲಿ ಇನ್ನೂ ತಾತ್ಕಾಲಿಕನೇ ಅದ. ನನ್ನ ತೊಗರೀನೂ ನಿಮ್ಮಲ್ಲಿ ತೊಯ್ದು ಕುಂತದ, ನನಗ ಗೊತ್ತದ. ಹಂಗಂತ ಊರ ಮಂದಿ ಎದಿಯಾಗ ಹೊಗಿ ತುಂಬ್ಲಿಕ್ಕೆ ನಾ ಸಹಿ ಮಾಡಂಗಿಲ್ಲ. ಮೋಡ ಇದ್ದಷ್ಟು ಹೊತ್ತು ಹಚ್ರಿ. ಬಿಸಲು ಬಿತ್ತಂದ್ರ ಆರಸ್ರಿ. ಬರಕೋರಿ.’

ನಾನು ಬರೆದುಕೊಂಡೆ: ‘ಆಕಾಶವು ಮೇಘಾವೃತವಾಗಿರುವ ಅವಧಿಗೆ ಮಾತ್ರ ಸೀಮಿತವಾಗಿ, ಸೂರ್ಯನ ದರ್ಶನವಾದ ಕೂಡಲೇ ಸದರಿ ಬಾಯ್ಲರನ್ನು ನಂದಿಸತಕ್ಕದ್ದೆಂಬ ಷರತ್ತಿಗೊಳಪಟ್ಟು ಆಕ್ಷೇಪಣೆ ಇರುವುದಿಲ್ಲ.’ ಓದಿ ಹೇಳಿದಾಗ ಅವರು, ‘ನಾ ಅಂದದ್ದು ಇದೇ ಏನ್ರಿ? ನನ್ನ ಮಾತಿಗೆ ಜರತಾರಿ ಸೀರಿ ಉಡಿಸಿದಂಗದ’ ಎನ್ನುತ್ತಲೇ ಸಹಿ ಹಾಕಿದರು. ಪತ್ರದ ಫೋಟೋ ಕಳಿಸಿದ ಕೂಡಲೇ ಅಧಿಕಾರಿಯವರ ಫೋನು ಬಂತು. ‘ಮುನೀಮ್ರ, ಸೂರ್ಯ ಬಂದಾನೋ ಇಲ್ಲೋ ಅಂತ ಹೇಳೋರು ಯಾರ್ರಿ? ನಾಳೆ ತಕರಾರು ಬರಬಾರದು.’ ನ್ಯಾಯವಾದ ಪ್ರಶ್ನೆ. ‘ಈ ಕುರಿತು ಅಧ್ಯಕ್ಷರ ತೀರ್ಮಾನವೇ ಅಂತಿಮವಾಗಿರತಕ್ಕದ್ದು’ ಎಂದು ಒಂದು ಸಾಲನ್ನು ನಾನೇ ಸೇರಿಸಿ, ಅಧ್ಯಕ್ಷರಿಂದ ಅದಕ್ಕೂ ಸಹಿ ಮಾಡಿಸಿ ಕಳಿಸಿದೆ. ಅದು ನನ್ನ ಮತ್ತೊಂದು ಹೆಮ್ಮೆಯ ವಾಕ್ಯ.

ಮರುದಿನ ಬೆಳಿಗ್ಗೆ ಅನುಮತಿ ಬಂತು. ಮೋಡ ಇನ್ನೂ ಇತ್ತು. ರಾತ್ರಿಯೆಲ್ಲ ಹೆಣ್ಣುಮಕ್ಕಳಿಂದ ತೊಗರಿಯನ್ನು ತಿರುವಿಸಿ ಸೋತಿದ್ದ ಸಾವಕಾರರು ಬಾಯ್ಲರಿಗೆ ಕಾಯಿ ಒಡೆದು ಬೆಂಕಿ ಹಚ್ಚಿಸಿದರು. ಚಿಮಣಿ ಮೊದಲು ಕಪ್ಪಗೆ ಕೆಮ್ಮಿ, ಆಮೇಲೆ ತೆಳ್ಳಗೆ ಉಸಿರಾಡತೊಡಗಿತು. ಉಗಿಯ ಒತ್ತಡ ತೋರಿಸುವ ಮುಳ್ಳು ಮೆಲ್ಲಗೆ ಏರಿ, ಇನ್ನೇನು ಉಗಿ ಬಿಡಬೇಕು, ಅಷ್ಟರಲ್ಲಿ ನನ್ನ ನೆರಳು ನನ್ನ ಮುಂದೆ ಬಿದ್ದದ್ದನ್ನು ಕಂಡೆ. ಹೊಲದ ಬದುವಿನ ಮೇಲೆ ಕಾಶೀಬಾಯಿಯವರು ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತ ಬರುತ್ತಿದ್ದರು.

‘ಮುನೀಮ್ರ, ದರ್ಶನ ಆಯ್ತ್ರಿ.’

‘ಕಾಶವ್ವ, ಇದು ಎಳೀ ಬಿಸಲವ್ವ’ ಎಂದು ಸಾವಕಾರರು ಕೈ ಮುಗಿದರು.

‘ಎಳೀ ಸೂರ್ಯ ಬ್ಯಾರೆ, ಬಲ್ತ ಸೂರ್ಯ ಬ್ಯಾರೆ ಅಂತ ಪತ್ರದಾಗ ಬರದಿಲ್ರಿ ಸಾವಕಾರ್ರ. ಕೇಳ್ರಿ ನಿಮ್ಮ ಮುನೀಮರಿಗೆ.’

ಸಾವಕಾರರು ನನ್ನತ್ತ ನೋಡಿದ ನೋಟವನ್ನು ಇಲ್ಲಿ ದಾಖಲಿಸುವುದು ಉಚಿತವಲ್ಲ. ಬಾಯ್ಲರನ್ನು ಆರಿಸಲಾಯಿತು. ಅದರ ಉಗಿಗೆ ಒಂದು ಕಾಳೂ ಒಣಗಲಿಲ್ಲ. ಕಾಶೀಬಾಯಿಯವರು ಮಾತ್ರ ತೀರ್ಪು ಕೊಟ್ಟು ಹಿಂದಿರುಗಲಿಲ್ಲ. ಊರಿನತ್ತ ತಿರುಗಿ ಒಂದು ಕೂಗು ಹಾಕಿದರು. ಮನೆಮನೆಯಿಂದ ಜನ ಬಂದರು. ಶಹಾಬಾದಿ ಕಲ್ಲು ಹಾಸಿದ ಅಂಗಳದ ತುಂಬ ತೊಗರಿ ಹರಡಿ, ಸೀರೆ ಎತ್ತಿ ಸಿಕ್ಕಿಸಿಕೊಂಡು, ಕಾಲಿನಿಂದ ಗೆರೆ ಎಳೆಯುತ್ತ ತಿರುವಿದರು. ನಾನೂ ಪ್ಯಾಂಟು ಮಡಚಿ ಇಳಿದೆ. ‘ಗೆರಿ ನೆಟ್ಟಗ ಎಳೀರಿ ಮುನೀಮ್ರ, ಅದು ನಿಮ್ಮ ವಾಕ್ಯ ಅಲ್ಲ’ ಎಂದು ಯಾರೋ ಅಂದರು. ರಾಶಿಯ ತಳದ ತೊಗರಿ ಹುಳಿವಾಸನೆ ಹಿಡಿದಿತ್ತು; ಅದು ದನಗಳ ಪಾಲಾಯಿತು. ಕಾಶೀಬಾಯಿಯವರು ತಮ್ಮ ಪಾಲಿನಿಂದ ಒಂದು ಹಿಡಿ ಎತ್ತಿ ಮೂಸಿ ನೋಡಿದರು. ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಮನೆಗೆ ನಡೆದರು. ವಾಸನೆ ಅವರಿಗೆ ಏನು ಹೇಳಿತೆಂದು ತಿಳಿಯದೆ ಲಗ್ನದ ದಿನದವರೆಗೂ ನನಗೆ ಅನ್ನ ರುಚಿಸಲಿಲ್ಲ.

ಲಗ್ನದ ಊಟಕ್ಕೆ ನನ್ನನ್ನು ಬೀಗರ ಸಾಲಿನ ಎದುರಿಗೇ ಕೂಡಿಸಿದ್ದರು. ಆಕಸ್ಮಿಕವೋ ಶಿಕ್ಷೆಯೋ ತಿಳಿಯದು. ವರನ ಸೋದರಮಾವ, ನಿವೃತ್ತ ಗಾರ್ಡು, ಅನ್ನದ ಮೇಲೆ ಬೇಳೆ ಹಾಕಿಸಿಕೊಂಡು ಒಂದು ತುತ್ತು ಉಂಡು, ಹಸಿರು ನಿಶಾನೆಗೆ ಕಾಯುವವರಂತೆ ಕಣ್ಣು ಮುಚ್ಚಿದರು. ಬಡಿಸುತ್ತಿದ್ದ ಕಾಶೀಬಾಯಿಯವರ ಸೌಟು ಗಾಳಿಯಲ್ಲೇ ನಿಂತಿತು. ಗಾರ್ಡು ಕಣ್ಣು ತೆರೆದು, ‘ಇನ್ನಷ್ಟು ಬ್ಯಾಳಿ ಹಾಕ್ರಿ ಬೀಗತಿ’ ಎಂದರು. ಅಂದು ಕಾಶೀಬಾಯಿಯವರು ಬಿಟ್ಟ ನಿಟ್ಟುಸಿರಿಗೆ ಯಾವ ಚಿಮಣಿಯೂ ಸಾಲುತ್ತಿರಲಿಲ್ಲ. ನಂತರ ನನ್ನ ಎಲೆಯ ಮುಂದೆ ಬಂದು, ‘ನಿಮಗ ಹೆಂಗನಸ್ತದ್ರಿ ಮುನೀಮ್ರ? ಹುಳಿ ಏನಾರ ಅದೇನು?’ ಎಂದು ಕೇಳಿದರು. ಚಲೋ ಆಗ್ಯಾದವ್ವ ಎಂದು ಹೇಳಬೇಕೆಂದೇ ನಾನು ಬಾಯಿ ತೆರೆದದ್ದು. ಹೊರಬಂದದ್ದು, ‘ಸದರಿ ಬೇಳೆಗೆ ಸಂಬಂಧಿಸಿದಂತೆ ನನ್ನದೇನೂ ಆಕ್ಷೇಪಣೆ ಇರುವುದಿಲ್ಲ.’

‘ಬಾಯಿಲೆ ಅಂದ್ರ ನಡಿಯಂಗಿಲ್ರಿ, ಬರದು ಕೊಡ್ರಿ!’ ಎಂದರು ಕಾಶೀಬಾಯಿ. ಇಡೀ ಪಂಕ್ತಿ ನಕ್ಕಿತು. ಅದು ತಮಾಷೆಯೆಂದು ನನಗೂ ಚೆನ್ನಾಗಿ ತಿಳಿದಿತ್ತು, ನಾನೂ ನಗುತ್ತಲೇ ಇದ್ದೆ. ಆದರೆ ಬಲಗೈ ಬೇಳೆಯಲ್ಲಿದ್ದಾಗ, ಎಡಗೈ ಜೇಬಿನಿಂದ ಪೆನ್ನು ತೆಗೆದು ಮುಚ್ಚಳವನ್ನು ಹಲ್ಲಿನಲ್ಲಿ ಬಿಚ್ಚಿ ಆಗಿತ್ತು.