ಜೆಕ್ ಚಿಹ್ನೆ ಹಾಕಲು ಹೋಗಿ ಹೆಡ್‌ಮಾಸ್ತರರನ್ನು ಕತ್ತೆ ಮಾಡಿದ್ದು

ಕಂಪ್ಯೂಟರಿಗೆ ಒಂದು ಮಾತನ್ನು ಒಮ್ಮೆ ತಿಳಿಸಿ ಹೇಳಿದರೆ ಸಾಕು, ಅದು ಜನ್ಮದಲ್ಲಿ ಮರೆಯುವುದಿಲ್ಲ ಎಂಬುದು ನನ್ನ ನಂಬಿಕೆಯಾಗಿತ್ತು. ಈ ನಂಬಿಕೆಯ ಮೇಲೆಯೇ ನಾನು ಸುರಪುರದಲ್ಲಿ ಡಿಟಿಪಿ ಅಂಗಡಿ ಇಟ್ಟವನು. ಲಗ್ನಪತ್ರಿಕೆ, ಬ್ಯಾನರ್, ಶಾಲೆಗಳ ಪ್ರಶ್ನೆಪತ್ರಿಕೆ ಎಲ್ಲವೂ ನನ್ನ ಕೈ ದಾಟಿಯೇ ಹೋಗುತ್ತವೆ. ಸಾಲದ್ದಕ್ಕೆ, ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ, ಪುಸ್ತಕದ ಪುಟ ಜೋಡಿಸುವ ಒಂದು ತಂತ್ರಾಂಶವನ್ನೂ ಕಲಿತಿದ್ದೆ. ಅದರಲ್ಲಿ ಮ್ಯಾಕ್ರೊ ಎಂಬುದೊಂದಿದೆ. ಮ್ಯಾಕ್ರೊ ಎಂದರೆ ಮೊದಲೇ ಬರೆದಿಟ್ಟ ಆಜ್ಞೆ. ಇಂಥದ್ದು ಕಂಡರೆ ಇಂಥದ್ದು ಮಾಡು ಎಂದು ಬರೆದುಬಿಟ್ಟರೆ ಪುಸ್ತಕದುದ್ದಕ್ಕೂ ಅದು ತಾನೇ ಮಾಡುತ್ತಾ ಹೋಗುತ್ತದೆ. ಇಡೀ ಸುರಪುರದಲ್ಲಿ ಮ್ಯಾಕ್ರೊ ಬಲ್ಲವನು ನಾನೊಬ್ಬನೇ. ಹಾಗೆಂದು ಹೇಳಿಕೊಂಡು ತಿರುಗಿದವನೂ ನಾನೊಬ್ಬನೇ!

ಹೀಗಿರುವಾಗ ಯಾನಾ ಎಂಬ ಹೆಣ್ಣುಮಗಳು ನನ್ನ ಅಂಗಡಿಗೆ ಬಂದರು. ಜೆಕ್ ದೇಶದವರು. ಸುರಪುರದ ಹಳೆಯ ಚಿತ್ರಗಳನ್ನು ಅಭ್ಯಾಸ ಮಾಡಲು ಬಂದವರು, ದೇವಾಪುರದ ನಾಗಮ್ಮಾಯಿ ಹೇಳುವ ಕತೆ ಕೇಳುತ್ತಾ ಚಿತ್ರ ಮರೆತು ಅಲ್ಲೇ ಕೂತುಬಿಟ್ಟಿದ್ದರು. ಈಗ ಆ ಕತೆಗಳ ಪುಸ್ತಕವಾಗಬೇಕಿತ್ತು. ಎಡಪುಟದಲ್ಲಿ ಕನ್ನಡ, ಬಲಪುಟದಲ್ಲಿ ಜೆಕ್.

ಅವರ ಜೊತೆಗೇ ಬಂದಿದ್ದ ನಾಗಮ್ಮಾಯಿ ಕಂಪ್ಯೂಟರನ್ನು ಮೇಲಿಂದ ಕೆಳಗೆ ನೋಡಿ, “ತಮ್ಮಾ, ನಮ್ಮವ್ವ ನನಗ ಹೇಳಿದ ಕತಿ ಇವು. ಈ ಡಬ್ಬ್ಯಾಗ ಹಾಕಿ ಕೆಡಸಬ್ಯಾಡ” ಎಂದಳು.

“ಆಯಿ, ಇದು ಡಬ್ಬಿ ಅಲ್ಲ. ಒಂದು ಅಕ್ಷರ ಆ ಕಡಿ ಈ ಕಡಿ ಆಗಂಗಿಲ್ಲ” ಎಂದೆ.

ಅಕ್ಷರವೇನೂ ಆ ಕಡೆ ಈ ಕಡೆ ಆಗಲಿಲ್ಲ.

ತಕರಾರು ಶುರುವಾದದ್ದು ಉದ್ಧರಣ ಚಿಹ್ನೆಯಿಂದ. ಯಾರಾದರೂ ಮಾತಾಡಿದರೆ ಆ ಮಾತಿನ ಹಿಂದೆ ಮುಂದೆ ನಾವು ಹಾಕುತ್ತೇವಲ್ಲ, ಅದು. ನಮ್ಮಲ್ಲಿ ಎರಡೂ ಮೇಲೆಯೇ ಇರುತ್ತವೆ. ಜೆಕ್ ಭಾಷೆಯಲ್ಲಿ ಮಾತು ಶುರುವಾಗುವಾಗ ಚಿಹ್ನೆ ಸಾಲಿನ ಬುಡದಲ್ಲಿ ಬರುತ್ತದೆ, ಮುಗಿಯುವಾಗ ಮೇಲೆ ಬರುತ್ತದೆ: „ಹೀಗೆ“. ನನಗೆ ಇದು ಗೊತ್ತಿರಲಿಲ್ಲ. ಮೊದಲ ಕತೆಯ ಜೆಕ್ ಪುಟದಲ್ಲಿ ಚಿಹ್ನೆಗಳು ಕೆಳಗೆ ಬಿದ್ದಿದ್ದು ಕಂಡು, ಪಾಪ, ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಬರುವಾಗ ಜಾರಿರಬೇಕೆಂದು ಒಂದೊಂದನ್ನೇ ಎತ್ತಿ ಮೇಲೆ ಕೂಡಿಸಿದೆ. ಒಂದು ಮಧ್ಯಾಹ್ನ ಪೂರ್ತಿ ಅದೇ ಕೆಲಸ.

ಯಾನಾ ನೋಡಿದರು. ಅವರು ಕನ್ನಡವನ್ನು ವ್ಯಾಕರಣ ಪುಸ್ತಕದಿಂದ ಕಲಿತವರು. “ಮಹನೀಯರೇ, ನೀವು ಇವುಗಳನ್ನು ಏಕೆ ಎತ್ತಿದಿರಿ? ದಯವಿಟ್ಟು ಮರಳಿ ಕೆಳಗಿಳಿಸಿರಿ” ಎಂದರು.

ಇಳಿಸಿದೆ. ಆದರೆ ಮ್ಯಾಕ್ರೊ ಬಲ್ಲವನು ಕೈಯಿಂದ ಎತ್ತುವುದು ಇಳಿಸುವುದು ಎಂದರೇನು! ಉಳಿದ ಕತೆಗಳಿಗಾಗಿ ಒಂದು ಮ್ಯಾಕ್ರೊ ಬರೆದೆ. ಟೈಪು ಮಾಡುವಾಗ ಎಲ್ಲ ಕಡೆ ಕೀಲಿಮಣೆಯ ಮೇಲಿರುವ ಎರಡು ನೆಟ್ಟನೆ ಗೆರೆಗಳ ಚಿಹ್ನೆಯನ್ನಷ್ಟೇ ಒತ್ತುವುದು. ಮೊದಲನೆಯದು ಕಂಡರೆ ಮಾತು ಶುರು, ಮುಂದಿನದು ಕಂಡರೆ ಮಾತು ಮುಗಿಯಿತು, ಅದರ ಮುಂದಿನದು ಮತ್ತೆ ಶುರು. ಜೆಕ್ ಪುಟವಾದರೆ ಜೆಕ್ ಪದ್ಧತಿ, ಕನ್ನಡ ಪುಟವಾದರೆ ನಮ್ಮ ಪದ್ಧತಿ. ಸಾಲದ್ದಕ್ಕೆ ಚಿಹ್ನೆಯ ಒಳಗಿನ ಮಾತೆಲ್ಲ ದಪ್ಪ ಅಕ್ಷರದಲ್ಲಿ ಬರುವಂತೆ ಮಾಡಿದೆ. ಬಿಡುಗಡೆಯ ದಿನ ಇಬ್ಬರು ಗಟ್ಟಿಯಾಗಿ ಓದುವವರಿದ್ದರು. ಕತೆಯನ್ನು ಒಬ್ಬರು, ಕತೆಯೊಳಗಿನ ಮಾತನ್ನು ಇನ್ನೊಬ್ಬರು. ಅವರಿಗೆ ಅನುಕೂಲವಾಗಲಿ ಎಂಬ ದೂರದೃಷ್ಟಿ.

ನನ್ನ ಹೆಂಡತಿ ಗಿರಿಜಾ ಪುಟ ತಿರುವಿ ಹಾಕುತ್ತಾ, “ರೀ, ಮೂರನೇ ಕತಿಯಿಂದ ಎಲ್ಲಾ ಉಲ್ಟಾ ಆಗ್ಯಾದ ನೋಡ್ರಿ. ಮಾತು ಸಣ್ಣಕ್ಷರದಾಗ ಅದ, ಉಳಿದದ್ದೆಲ್ಲಾ ದಪ್ಪಕ್ಷರದಾಗ ಬಂದದ” ಎಂದಳು.

ಹುಡುಕಿದೆ. ಮೂರನೆಯ ಕತೆಗೆ ಮೊದಲು ಸುರಪುರದ ಒಂದು ಹಳೆಯ ಚಿತ್ರವಿತ್ತು. ಅದರ ಕೆಳಗೆ ಮೂಲ ಚಿತ್ರದ ಅಳತೆ: 9" ಚೌಕ. ಇಂಚು ಎಂದು ಬರೆಯುವ ಬದಲು ನಾನೇ ಎರಡು ಗೆರೆ ಎಳೆದಿದ್ದೆ. ಮ್ಯಾಕ್ರೊಗೆ ಇಂಚು ಏನು ಗೊತ್ತು? ಚಿತ್ರ ಮಾತಾಡಲು ಶುರು ಮಾಡಿತು ಎಂದುಕೊಂಡಿತು. ಅಲ್ಲಿಂದ ಮುಂದೆ ಶುರುವೆಲ್ಲ ಮುಗಿತಾಯ, ಮುಗಿತಾಯವೆಲ್ಲ ಶುರು!

“ಅಲ್ಲಿ ಇಂಚು ಅಂತ ಬರದುಬಿಡ್ರಲ್ಲ, ಮುಗೀತು” ಎಂದಳು ಗಿರಿಜಾ.

ಅಷ್ಟು ಸರಳವಾದ ಉಪಾಯವನ್ನು ಒಪ್ಪುವುದು ನನ್ನ ವಿದ್ಯೆಗೆ ಅವಮಾನ. ಚಿತ್ರದ ಕೆಳಗೆ, ಕಾಗದದ ಮೇಲೆ ಕಾಣದಂತೆ, ಇನ್ನೊಂದು ಆಜ್ಞೆ ಹಾಕಿದೆ: ‘ಇಲ್ಲಿ ಒಂದು ಸಲ ಮಗುಚು.’ ಉಲ್ಟಾ ಆದದ್ದು ಮತ್ತೆ ಉಲ್ಟಾ ಆಗಿ ಸರಿಯಾಯಿತು. ನೋಡಿದೆಯಾ ಎಂಬಂತೆ ಅವಳ ಕಡೆ ನೋಡಿದೆ. ಅವಳು ಬಟಾಟಿ ಹೆಚ್ಚಲು ಹೋಗಿದ್ದಳು.

ಕಡತ ಶಹಾಪುರದ ಪ್ರೆಸ್ಸಿಗೆ ಹೊರಡುವ ದಿನ ಯಾನಾ ಫೋನ್ ಮಾಡಿದರು. “ನಮ್ಮ ದೇಶದಲ್ಲಿ ಇಂಚು ಯಾರಿಗೂ ತಿಳಿಯುವುದಿಲ್ಲ. ದಯವಿಟ್ಟು ಸೆಂಟಿಮೀಟರಿನಲ್ಲಿ ಬರೆಯಿರಿ.”

“ಈಗಿಂದೀಗ ಮಾಡ್ತೀನ್ರಿ” ಎಂದು 9" ಅಳಿಸಿ 23 ಸೆಂ.ಮೀ. ಎಂದು ಹಾಕಿದೆ. ಗೆರೆ ಹೋಯಿತು. ಗೆರೆಗಾಗಿ ಹಾಕಿದ್ದ ಮಗುಚುವ ಆಜ್ಞೆ ಅಲ್ಲೇ ಉಳಿಯಿತು.

ಪ್ರೆಸ್ಸಿನ ರಫೀಕ್‌ಭಾಯಿ ಕೇಳಿದರು. “ಸಾಬ್, ಛಾಪಾ ಮಾಡೂಕಿಂತ ಮದ್ಲ ಒಂದ್ ದಫಾ ಪ್ರೂಫ್ ನೋಡ್ತೀರೇನ್ರಿ?”

“ಒಂದು ಅಳತಿ ಬದಲು ಮಾಡೀನಿ ಭಾಯಿ, ಅಷ್ಟs. ಹೊಡದುಬಿಡ್ರಿ” ಎಂದೆ.

ಹೊಡೆದುಬಿಟ್ಟರು.

ಬಿಡುಗಡೆ ದೇವಾಪುರದಲ್ಲಿ. ಬೇವಿನ ಗಿಡದ ಕೆಳಗೆ ಶಾಮಿಯಾನ. ನಾಗಮ್ಮಾಯಿ ಹೊಸ ಇಳಕಲ್ ಸೀರೆಯುಟ್ಟು ನಡುವಿನ ಕುರ್ಚಿಯಲ್ಲಿ, ಪಕ್ಕದಲ್ಲಿ ಯಾನಾ. ಕತೆ ಓದಲು ಹೆಡ್‌ಮಾಸ್ತರ್ ಶಿವಶರಣಪ್ಪನವರು ಬಂದಿದ್ದರು. ಸುರಪುರದ ಖಾಸಗಿ ಶಾಲೆಯವರು. ಅವರು ನಕ್ಕದ್ದನ್ನು ಶಾಲೆಯ ಫೋಟೊದಲ್ಲಿ ಕೂಡ ಯಾರೂ ಕಂಡಿಲ್ಲ. ಅವರ ಶಾಲೆಯ ಮಕ್ಕಳೆಲ್ಲ ಮುಂದೆ ಕೂತಿದ್ದರು. ದಪ್ಪ ಅಕ್ಷರದ ಮಾತುಗಳನ್ನು ಓದುವ ಕೆಲಸ ಗಿರಿಜಾಳದು.

ಮೊದಲೆರಡು ಕತೆ ಚೆನ್ನಾಗಿಯೇ ಹೋದವು. ಮೂರನೆಯದು ಗೌಡನ ಮನೆಯ ಮಾತಾಡುವ ಕತ್ತೆಯ ಕತೆ. ಹೆಡ್‌ಮಾಸ್ತರರು ಕನ್ನಡಕ ಸರಿಮಾಡಿಕೊಂಡು ಪುಟ ನೋಡಿದರು. ಮೊದಲ ಸಾಲು ದಪ್ಪ ಅಕ್ಷರದಲ್ಲಿತ್ತು. ಅಚ್ಚಾದದ್ದನ್ನು ಅಚ್ಚಾದಂತೆಯೇ ಓದಬೇಕು ಎನ್ನುವ ಶಿಸ್ತಿನ ಮನುಷ್ಯ ಅವರು. ಸುಮ್ಮನೆ ಗಿರಿಜಾಳ ಕಡೆ ಕೈ ತೋರಿಸಿದರು.

ಗಿರಿಜಾ ಓದಿದಳು. “ಒಂದೂರಾಗ ಒಬ್ಬ ಗೌಡ ಇದ್ದ. ಅವನ ಮನ್ಯಾಗ ಒಂದು ಕತ್ತಿ ಇತ್ತು. ಒಂದಿನ ಮುಂಜಾನಿ ಆ ಕತ್ತಿ ಬಾಯಿ ತಗದು ಮಾತಾಡ್ತು.”

ಹೆಡ್‌ಮಾಸ್ತರರು ಗಂಭೀರವಾಗಿ ಓದಿದರು. “ಈ ಊರಾಗ ನನ್ನಷ್ಟು ಶ್ಯಾಣ್ಯಾ ಯಾರೂ ಇಲ್ಲ!”

“ಅಂತ ಕತ್ತಿ ಕಿವಿ ಅಲ್ಲಾಡಿಸ್ತು” ಎಂದಳು ಗಿರಿಜಾ.

ಹಿಂದಿನ ಸಾಲಿನ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಚಿತ್ರದ ಕೆಳಗೆ ಉಳಿದುಹೋಗಿದ್ದ ‘ಮಗುಚು’ ನನಗೆ ಆಗ ನೆನಪಾಯಿತು.

“ಇಷ್ಟು ವರ್ಷ ದುಡದೀನಿ, ಒಬ್ಬರರ ನನಗ ನಮಸ್ಕಾರ ಅಂದಾರೇನು?” ಎಂದರು ಹೆಡ್‌ಮಾಸ್ತರರು.

“ಅಂತ ಕತ್ತಿ ಸಿಟ್ಟಿಲೆ ಕಾಲು ಝಾಡಿಸಿ ಒದರ್ತು.”

ಮಕ್ಕಳು ಅಷ್ಟೂ ಹೊತ್ತು ತಡೆದುಕೊಂಡಿದ್ದವು. ಇನ್ನು ಆಗಲಿಲ್ಲ. ಒಂದು ಹುಡುಗಿ ಎದ್ದು ನಿಂತು ಕೈಮುಗಿದು, “ನಮಸ್ಕಾರ್ರೀ ಸರ್!” ಎಂದಳು. ಶಾಮಿಯಾನಕ್ಕೆ ಶಾಮಿಯಾನವೇ ಬಿದ್ದು ಬಿದ್ದು ನಕ್ಕಿತು.

ಹೆಡ್‌ಮಾಸ್ತರರು ಪುಸ್ತಕ ಕೆಳಗಿಳಿಸಿ ಕನ್ನಡಕದ ಮೇಲಿಂದ ನನ್ನನ್ನು ಹುಡುಕಿದರು. ನಾನು ಬೇವಿನ ಗಿಡದ ಹಿಂದಿದ್ದೆ. ಆ ಗಿಡ ತೆಳ್ಳಗಿತ್ತು.

ಯಾನಾ ಮಾತ್ರ ಜನರಿಗೆ ಕತೆ ಇಷ್ಟು ಹಿಡಿಸಿತಲ್ಲ ಎಂದು ಚಪ್ಪಾಳೆ ತಟ್ಟುತ್ತಿದ್ದರು. ಆಮೇಲೆ ಬಲಪುಟದ ಜೆಕ್ ನೋಡಿದರು. ಚಪ್ಪಾಳೆ ನಿಂತಿತು. ನನ್ನನ್ನು ಕರೆದು ಬೆರಳಿಟ್ಟು ತೋರಿಸಿದರು. “ಮಹನೀಯರೇ, ಇಲ್ಲಿ ಎಲ್ಲರೂ ಮೊದಲು ಮಾತು ಮುಗಿಸುತ್ತಾರೆ, ಅನಂತರ ಪ್ರಾರಂಭಿಸುತ್ತಾರೆ. ನನ್ನ ತಾಯಿಗೆ ಈ ಪುಸ್ತಕ ಕಳುಹಿಸುವುದಾಗಿ ಹೇಳಿದ್ದೇನೆ. ಅವರು ಶಾಲೆಯಲ್ಲಿ ವ್ಯಾಕರಣ ಕಲಿಸಿದವರು.”

ಅವರು ಕೂಗಾಡಿದ್ದರೆ ಚೆನ್ನಾಗಿತ್ತು. ಕಣ್ಣಲ್ಲಿ ನೀರಿತ್ತು. ಆಗ ನನಗೆ ನಿಜವಾಗಿಯೂ ನಾಚಿಕೆಯಾಯಿತು.

ನಾಗಮ್ಮಾಯಿಯ ಹತ್ತಿರ ಹೋಗಿ, “ಆಯಿ, ತಪ್ಪಾತು, ನಿನ್ನ ಕತಿ ಕೆಡಸಿದೆ” ಎಂದೆ.

ಅವಳು ಇನ್ನೂ ನಗುತ್ತಲೇ ಇದ್ದಳು. “ಕೆಟ್ಟದ್ದೇನು ಬಂತೋ? ನಮ್ಮವ್ವ ಹೇಳಿದಾಗೂ ಇಷ್ಟು ನಕ್ಕಿದ್ದಿಲ್ಲ. ಕತ್ತಿ ಪಾತ್ರ ಮಾಸ್ತರs ಮಾಡ್ಲಿ. ದನಿ ಭಾಳ ಒಪ್ತದ!”

ಇದನ್ನು ಅವಳು ಮೈಕಿನ ಮುಂದೆ ಹೇಳಬಾರದಿತ್ತು.

ಮೂರನೆಯ ಕತೆಯಿಂದ ಮುಂದಿನ ಪುಟಗಳನ್ನೆಲ್ಲ ಮತ್ತೆ ಅಚ್ಚು ಮಾಡಿಸಿದೆ. ಮ್ಯಾಕ್ರೊ ಕಿತ್ತು ಹಾಕಿ ಜೆಕ್ ಚಿಹ್ನೆಗಳನ್ನು ಒಂದೊಂದಾಗಿ ಕೈಯಿಂದಲೇ ಕೂಡಿಸಿದೆ. ಪಕ್ಕದಲ್ಲಿ ಗಿರಿಜಾ ಕೂತು, “ಕೆಳಗ, ಮ್ಯಾಲ, ಕೆಳಗ, ಮ್ಯಾಲ” ಎಂದು ಹೇಳುತ್ತಿದ್ದಳು. ರಫೀಕ್‌ಭಾಯಿ ಈ ಸಲ ಬಾಯಿಮಾತಿಗೆ ಒಪ್ಪಲಿಲ್ಲ. ಪ್ರೆಸ್ಸಿನಲ್ಲಿ ಗಿರಾಕಿಗಳ ನಡುವೆ ನನ್ನನ್ನು ನಿಲ್ಲಿಸಿ ಪ್ರತಿ ಪುಟವನ್ನೂ ಗಟ್ಟಿಯಾಗಿ ಓದಿಸಿದರು. ಹೀಗಾಗಿ ಕತ್ತೆಯ ಮಾತನ್ನು ಶಹಾಪುರದಲ್ಲಿ ನಾನೂ ಆಡಿದಂತಾಯಿತು. ಯಾನಾ ಹೊಸ ಪುಸ್ತಕ ನೋಡಿ ನಕ್ಕು, ತಾಯಿಗೆ ಕಳಿಸಿದರು.

ಹೆಡ್‌ಮಾಸ್ತರರು ಬಹಳ ದಿನ ನನ್ನ ಅಂಗಡಿಯ ಕಡೆ ಮುಖ ಹಾಕಲಿಲ್ಲ. ಪರೀಕ್ಷೆ ಹತ್ತಿರ ಬಂದಾಗ, ಬೇರೆ ದಾರಿ ಇಲ್ಲದೆ, ಆರನೇ ಕ್ಲಾಸಿನ ಕನ್ನಡ ಪ್ರಶ್ನೆಪತ್ರಿಕೆ ತಂದು ಮೇಜಿನ ಮೇಲಿಟ್ಟರು. ನಾನು ವಿನಯದಿಂದ ತೆಗೆದು ನೋಡಿದೆ. ಮೊದಲ ಪ್ರಶ್ನೆ: ‘ಕೆಳಗಿನ ವಾಕ್ಯಗಳಿಗೆ ಸೂಕ್ತ ಲೇಖನ ಚಿಹ್ನೆಗಳನ್ನು ಹಾಕಿರಿ.’

ನಾನು ತಲೆ ಎತ್ತಿದೆ. ಹೆಡ್‌ಮಾಸ್ತರರು ನನ್ನನ್ನೇ ನೋಡುತ್ತಿದ್ದರು.

“ಅದು ಮಕ್ಕಳಿಗೆ ಕೇಳಿದ್ದು” ಎಂದರು. “ನೀವು ಏನೂ ಹಾಕಬ್ಯಾಡ್ರಿ.”

ಹಾಕಲಿಲ್ಲ.