ಹಿಂದಿನಾಂವ

ಕೆಲವರಿಗೆ ದೂರದವರ ಕಷ್ಟ ಕಂಡರೆ ಮಾತ್ರ ಕರುಳು ಚುರ್ರೆನ್ನುತ್ತದೆ. ನಾನು ಆ ಪೈಕಿ. ಮೂಡಲಗಿಯ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುವ ನನಗೆ ಅಮೆರಿಕದ ಬೇಸ್‌ಬಾಲ್ ಹುಚ್ಚು. ಅಲ್ಲಿ ದೊಡ್ಡ ಆಟಗಾರರ ಹೆಸರು ಕೆತ್ತಿಡುವ 'ಹಾಲ್ ಆಫ್ ಫೇಮ್' ಎಂಬ ಗೌರವ ಭವನವಿದೆಯಂತೆ. ಅದರಲ್ಲಿ ಯಾರ ಹೆಸರು ಬಿಟ್ಟುಹೋಯಿತು, ಯಾರಿಗೆ ಅನ್ಯಾಯವಾಯಿತು ಎಂದು ಅಲ್ಲಿಯವರು ಮೊಬೈಲಿನಲ್ಲಿ ಕಿತ್ತಾಡುವಾಗ ನಾನೂ ನಡುವೆ ಬಾಯಿ ಹಾಕುತ್ತೇನೆ. ಎಂದೋ ತೀರಿಹೋದ, ನಾನು ಮುಖವನ್ನೂ ಸರಿಯಾಗಿ ಕಂಡಿರದ ಒಬ್ಬ ಕ್ಯಾಚರ್‌ನ ಪರವಾಗಿ, "ಇವರ ಹೆಸರಿಲ್ಲದ ಭವನ ಭವನವೇ ಅಲ್ಲ" ಎಂದು ತಪ್ಪುತಪ್ಪು ಇಂಗ್ಲಿಷಿನಲ್ಲಿ ಬರೆದು, ನಾಲ್ಕು ಜನ ಮೆಚ್ಚಿದ್ದನ್ನು ಹೆಂಡತಿಗೆ ತೋರಿಸಿದೆ. "ಅವರ ಚಿಂತಿ ಅವರು ಮಾಡ್ತಾರ. ನೀವು ಗಿರಣಿಗೆ ಹೋಗಿ ಹಿಟ್ಟು ಹಾಕಿಸ್ಕೊಂಡ ಬರ್ರಿ," ಎಂದಳು.

ಈ ಹುಚ್ಚು ಹತ್ತಿದ್ದು ಇದೇ ಶಾಲೆಯಲ್ಲಿ, ನಾನು ವಿದ್ಯಾರ್ಥಿಯಾಗಿದ್ದಾಗ. ನಮ್ಮ ಡ್ರಿಲ್ ಮಾಸ್ತರರು ಎಲ್ಲಿಂದಲೋ ಒಂದು ಬ್ಯಾಟು, ಎರಡು ಗ್ಲೌಸು ತಂದು ಒಂಬತ್ತು ಜನರ ತಂಡ ಕಟ್ಟಿದ್ದರು. ಹತ್ತನೆಯವನು ನಾನು. ನೀರಿನ ಕೊಡ ಕಾಯುವುದು, ಕಬ್ಬಿನ ಗದ್ದೆಗೆ ಹೋದ ಚೆಂಡು ಹುಡುಕುವುದು ನನ್ನ ಪಾಲಿನ ಆಟ. ಹುಕ್ಕೇರಿಯಲ್ಲಿ ಬೆಲ್ಲದ ಬಾಗೇವಾಡಿಯ ತಂಡವನ್ನು ಸೋಲಿಸಿ ಕಪ್ ತಂದ ದಿನವೂ ನಾನು ಕೊಡದ ಬಾಜೂಕ್ಕೇ ಕೂತಿದ್ದೆ.

ಈ ವರ್ಷ ಆ ಒಂಬತ್ತು ಜನರ ಹೆಸರು ಬರೆಸಿ ಒಂದು ಫಲಕ ಹಾಕೋಣವೆಂದು ಮುಖ್ಯಾಧ್ಯಾಪಕಿಯವರಿಗೆ ಸೂಚಿಸಿದವನು ನಾನೇ. ಮಾಸ್ತರರ ಹಳೆಯ ವಹಿಯೂ ಸಿಕ್ಕಿತು. ಅವರು ಇಂಗ್ಲಿಷ್ ಪದಗಳ ಗೋಜಿಗೆ ಹೋಗದೆ, ಚೆಂಡು ಎಸೆಯುವವನ ಮುಂದೆ 'ಒಗಿಯಾಂವ' ಎಂದೂ, ಬೇಸ್ ಕಾಯುವವರ ಮುಂದೆ 'ಮೊದಲ ಗೂಟ', 'ನಡು ಗೂಟ' ಎಂದೂ ಬರೆದಿದ್ದರು. ಬೀರಪ್ಪ ಎಂಬ ಹೆಸರಿನ ಮುಂದೆ ಇದ್ದದ್ದು 'ಹಿಂದಿನಾಂವ'.

"ಇಂವ ಯಾರ್ರಿ, ಹಿಂದಿನಾಂವ?" ಎಂದು ಮುಖ್ಯಾಧ್ಯಾಪಕಿ ಕೇಳಿದರು.

"ಹಿಂದಿನ ವರ್ಷ ಆಡಿದಾಂವ ಇರಬೇಕ್ರಿ, ಮೇಡಂ."

"ಹಂಗಾದ್ರ ಎಂಟ ಮಂದಿ ಆದ್ರಲ್ಲ?"

"ಕೆಳಗ ನಂದೊಂದು ಹೆಸರು ಐತ್ರಿ," ಎಂದೆ, ತಲೆ ತಗ್ಗಿಸಿ. ಅದನ್ನು ಅವರು ವಿನಯವೆಂದು ತಿಳಿದರು.

ಕನ್ನಡ ಮಾಸ್ತರನಾದ ನನಗೆ 'ಹಿಂದಿನ' ಎಂಬುದಕ್ಕೆ ಎರಡು ಅರ್ಥ ಗೊತ್ತಿರಲಿಲ್ಲವೇ? ಬ್ಯಾಟ್ ಹಿಡಿದವನ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುವ ಕ್ಯಾಚರ್ ಅವನು. ಕುರಿ ಕಾಯುವವರ ಮನೆಯ ಬೀರಪ್ಪ, ನನ್ನದೇ ಬೆಂಚಿನವನು. ಗ್ಲೌಸು ಅವನ ಪಾಲಿಗೆ ಬರಲಿಲ್ಲ. ಹುಕ್ಕೇರಿಯಲ್ಲಿ ತೋರುಬೆರಳು ಮುರಿದಾಗ ಅರಿವೆ ಸುತ್ತಿಕೊಂಡು ಕೊನೆಯವರೆಗೆ ಕೂತು ಚೆಂಡು ಹಿಡಿದಿದ್ದ. ಆ ಅರಿವೆ ಹರಿದುಕೊಟ್ಟವನು ನಾನು. ಮರೆತಿದ್ದೆ ಎಂದರೆ ಅರ್ಧ ಸುಳ್ಳು. ಉಳಿದರ್ಧಕ್ಕೆ ನನ್ನ ಹೆಸರನ್ನು ಬಣ್ಣದಲ್ಲಿ ನೋಡುವ ಆಸೆ ಕಾರಣ.

ಫಲಕ ತೆರೆಯುವ ದಿನ ಯಾರೋ ಹೇಳಿದ್ದು ಕೇಳಿ ಬೀರಪ್ಪನೂ ಬಂದ. ಕುರಿಗಳನ್ನು ಹೆಂಡತಿಗೆ ಒಪ್ಪಿಸಿ, ತೊಳೆದ ರುಮಾಲು ಸುತ್ತಿಕೊಂಡು ಬಂದಿದ್ದ. ಎಲ್ಲರೂ ಚಹಾಕ್ಕೆ ಹೋದ ಮೇಲೆ ಫಲಕದ ಮುಂದೆ ನಿಂತು, ಆ ಸೊಟ್ಟ ಬೆರಳನ್ನು ಒಂದೊಂದೇ ಹೆಸರಿನ ಮೇಲೆ ಇಳಿಸುತ್ತ ಓದಿದ. ಬೆರಳು ಒಂಬತ್ತನೆಯ ಹೆಸರಿನ ಮೇಲೆ ನಿಂತಿತು.

"ಭಾಳ ಚೊಲೋ ಬರಸೀರಿ, ಸರ. ನೀವೂ ಆಡಿದ್ರಿ ಅಂತ ನನಗ ನೆನಪ ಇರಲಿಲ್ಲ ನೋಡ್ರಿ."

ಅವನ ಮಾತಿನಲ್ಲಿ ಕೊಂಕು ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಪಾಪ, ತನ್ನ ನೆನಪೇ ಕೆಟ್ಟಿತೆಂದು ನಂಬಿದ್ದ. ಜೊತೆಗೆ ಸರ ಎಂದು ಬೇರೆ ಕರೆದ.

"ನಾ ಆಡಿಲ್ಲೋ ಬೀರಪ್ಪ. ಅದು ನಿನ್ನ ಜಾಗ. ಬೇಕಂತನ ಬಿಟ್ಟೇನಿ."

ಅವನು ಫಲಕದ ಮೇಲಿನ ಬೆರಳನ್ನು ಹಿಂದಕ್ಕೆ ತೆಗೆದುಕೊಂಡ. "ಒಂದು ಹೆಸರಿಗೆ ಅಂತ ಬಂದಿದ್ದೆ, ಖರೆ," ಎಂದ. ಆಮೇಲೆ ನನ್ನ ಮುಖ ನೋಡಿ ಅವನಿಗೇ ಕನಿಕರ ಬಂದಿರಬೇಕು. "ಇರ್ಲಿ ಬಿಡ್ರಿ. ಜಾಗ ಇಲ್ಲಂದ್ರ ಹಲಗಿ ಹಿಂದ ಬರೀರಿ. ನಾ ಹಿಂದ ಕೂಡಾಂವನ ಅಲ್ರಿ?"

ಮರುದಿನ ಮುಖ್ಯಾಧ್ಯಾಪಕಿಯವರ ಮುಂದೆ ತಪ್ಪೊಪ್ಪಿಕೊಂಡೆ. ಆಗಲೂ ತಲೆ ತಗ್ಗಿಸಿದ್ದೆ. ಈ ಸಲ ಅವರು ವಿನಯವೆಂದು ತಿಳಿಯಲಿಲ್ಲ. ಪೇಂಟರನನ್ನು ಕರೆಸಿ ನನ್ನ ಹೆಸರಿಗೆ ಬಿಳಿ ಬಳಿಸಿ, ಅದರ ಮೇಲೆ ಬೀರಪ್ಪನ ಹೆಸರು ಬರೆಸಿದೆ. ಮುಂದಿನ ಸಂತೆಯ ದಿನ ಅವನು ಹೆಂಡತಿಯನ್ನೂ ಕರೆತಂದು ತೋರಿಸಿಹೋದ.

ಆದರೆ ಬಿಳಿ ಬಣ್ಣ ತೆಳುವಾಯಿತು. ಬಿಸಿಲು ನೇರ ಬಿದ್ದಾಗ ಬೀರಪ್ಪನ ಹೆಸರಿನ ಅಡಿಯಲ್ಲಿ ನನ್ನ ಅಕ್ಷರಗಳು ಮಸುಕಾಗಿ ಕಾಣುತ್ತವೆ. ಮೊನ್ನೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, "ಸರ, ಬೀರಪ್ಪ ಅವರ ಹಿಂದ ಯಾರೋ ಅದಾರಲ್ರಿ, ಯಾರ್ರಿ ಅವರು?" ಎಂದು ಕೇಳಿದಳು.

"ಹಿಂದಿನಾಂವ," ಎಂದೆ. ಯಾವ ಅರ್ಥದಲ್ಲಿ ಎಂದು ಅವಳು ಕೇಳಲಿಲ್ಲ, ಪುಣ್ಯ.