ಎರಡನೇ ಆಟ ನೋಡದ ನಮ್ಮ ಭಾವ

ನಮ್ಮ ಭಾವನನ್ನು ಕೇಳಿದರೆ, ಯುರೋಪಿನ ಫುಟ್‌ಬಾಲ್ ಕ್ಲಬ್ಬುಗಳಲ್ಲಿ ಇವತ್ತಿನವರೆಗೂ ಒಂದೇ ಒಂದು ತಂಡವೂ ನಾಕೌಟಿನಲ್ಲಿ ಸೋತು ಮನೆಗೆ ಹೋಗಿಲ್ಲ! ಎಲ್ಲರೂ ಇನ್ನೂ ಆಡುತ್ತಲೇ ಇದ್ದಾರೆ. ಅದು ಹೇಗೆ ಅಂತೀರಾ? ನಾಕೌಟಿನಲ್ಲಿ ಪ್ರತಿ ಜೋಡಿಗೂ ಎರಡು ಆಟ. ಒಂದು ಇವರ ಊರಲ್ಲಿ, ಕೆಲವು ದಿನ ಬಿಟ್ಟು ಇನ್ನೊಂದು ಅವರ ಊರಲ್ಲಿ. ಎರಡರ ಗೋಲನ್ನೂ ಕೂಡಿಸಿ ಯಾರದು ಹೆಚ್ಚೋ ಅವರು ಮುಂದಕ್ಕೆ, ಉಳಿದವರು ಮನೆಗೆ. ಭಾವ ನೋಡುತ್ತಿದ್ದುದು ಮೊದಲನೆಯದನ್ನು ಮಾತ್ರ. ಎರಡನೆಯದು ನಡೆಯುವ ಹೊತ್ತಿಗೆ ಹಿತ್ತಲಿನಲ್ಲಿ ಹುಲ್ಲು ಕತ್ತರಿಸುತ್ತಿದ್ದರು. ಬೆಳೆದಿರದ ಹುಲ್ಲನ್ನೂ ಬಿಡುತ್ತಿರಲಿಲ್ಲ.

ಭಾವ ಧಾರವಾಡದವರು. ಹ್ಯೂಸ್ಟನ್ನಿನ ಎನರ್ಜಿ ಕಾರಿಡಾರಿನಲ್ಲಿ ತೈಲ ಕಂಪನಿಯೊಂದರ ಎಂಜಿನಿಯರ್. ಯುರೋಪಿನ ರಾತ್ರಿಯ ಆಟ ಟೆಕ್ಸಸ್ಸಿನಲ್ಲಿ ನಡು ಮಧ್ಯಾಹ್ನ, ಅದೂ ವಾರದ ನಡುವೆ ಬರುತ್ತಿತ್ತು. ಹಲ್ಲುನೋವು ಎಂದು ಆಫೀಸಿಗೆ ಹೇಳಿ ಮನೆಗೆ ಬಂದುಬಿಡುತ್ತಿದ್ದರು. ಆ ಲೆಕ್ಕದಲ್ಲಿ ಅವರ ಬಾಯಲ್ಲಿ ಒಂದು ಹಲ್ಲೂ ಉಳಿದಿರಬಾರದಿತ್ತು!

ಯಾಕೆ ಈ ಅರ್ಧ ಭಕ್ತಿ ಎಂದು ಕೇಳಿದವರಿಗೆಲ್ಲ ಅವರ ಉತ್ತರ ಒಂದೇ. "ಮೊದಲನೇ ಆಟ ಅಂದ್ರ ಕನ್ಯಾ ನೋಡ್ಲಿಕ್ಕೆ ಹೋದಂಗ್ರಿ. ಉಪ್ಪಿಟ್ಟು ತಿಂತೇವಿ, ಚಹಾ ಕುಡೀತೇವಿ, ಊರಿಗೆ ಹೋಗಿ ತಿಳಿಸ್ತೇವಿ ಅಂತೇವಿ. ಯಾರಿಗೂ ಇಲ್ಲ ಅಂದಿಲ್ಲ ನೋಡ್ರಿ." ಎದುರಾಳಿಯ ಊರಲ್ಲಿ ಹೊಡೆದ ಗೋಲಿಗೆ ಆಗ ತೂಕ ಜಾಸ್ತಿ ಇತ್ತು, ಲೆಕ್ಕ ಸಮವಾದರೆ ಅದೇ ಕಾಪಾಡುತ್ತಿತ್ತು. ಹಾಗಾಗಿ ನಾಲ್ಕು ತಿಂದು ಒಂದು ಹೊಡೆದ ತಂಡವನ್ನು ನೋಡಿಯೂ ಭಾವ ಗೆದ್ದವರ ಹಾಗೆ ಚಪ್ಪಾಳೆ ತಟ್ಟುತ್ತಿದ್ದರು.

ಕಾಯಿಲೆ ಫುಟ್‌ಬಾಲಿಗೆ ಮಾತ್ರ ಅಂಟಿದ್ದಲ್ಲ. ಸಿನಿಮಾದಲ್ಲಿ ಕೊನೆಗೆ ಯಾರೋ ಸಾಯುತ್ತಾರೆ ಎನ್ನುವ ವಾಸನೆ ಬಡಿದರೆ ಎದ್ದು ಹೊರಡುತ್ತಿದ್ದರು. ಮಗಳ ಡಿಬೇಟಿಗೆ ಹೋಗಿ, ತೀರ್ಪು ಹೇಳುವ ಮೊದಲೇ ಪಾರ್ಕಿಂಗ್ ಲಾಟಿಗೆ ಓಡಿದ್ದರು. ಈಗ ಆಸ್ಟಿನ್ನಿನಲ್ಲಿ ಓದುತ್ತಿರುವ ಆ ಮಗಳು "ಅಪ್ಪ ಈಸ್ ಅಲರ್ಜಿಕ್ ಟು ಎಂಡಿಂಗ್ಸ್" ಎಂದು ನಗುತ್ತಾಳೆ. ಒಂದು ಯುಗಾದಿ ಊಟದಲ್ಲಿ ಸೌತ್‌ಲೇಕಿನ ಡಾಕ್ಟರ್ ಅಂಕಲ್ ಒಬ್ಬರು, ನಿಮ್ಮ ಟೀಮು ಮಣ್ಣು ಮುಕ್ಕಿತಲ್ಲ ಎಂದು ಬಾಯಿಬಿಟ್ಟರು. ಭಾವ ಬಿಸಿಬೇಳೆಬಾತನ್ನು ಅಲ್ಲೇ ಇಟ್ಟು ಎದ್ದವರು, ಆ ಅಂಕಲ್ ಹೊರಡುವವರೆಗೂ ಸಭಾಂಗಣದ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದರು.

ಹಾಗಾದರೆ ಆ ಮನೆಯಲ್ಲಿ ಎರಡನೇ ಆಟ ಯಾರು ನೋಡುತ್ತಿದ್ದರು? ನಮ್ಮಕ್ಕ! ಮೈಸೂರಿನಲ್ಲಿ ಬೆಳೆಯುವಾಗ ಚೆಂಡನ್ನು ಕಾಲಲ್ಲೂ ಮುಟ್ಟಿದವಳಲ್ಲ. ಗೋಲ್‌ಕೀಪರ್ ಯಾರು, ರೆಫರಿ ಯಾರು ಎನ್ನುವುದೂ ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ. ಆದರೂ ಮಡಿಲಲ್ಲಿ ಹುರುಳಿಕಾಯಿ ಇಟ್ಟುಕೊಂಡು ಕೊನೆಯ ಸೀಟಿಯವರೆಗೂ ಕೂರುತ್ತಿದ್ದಳು. ಯಾಕೇ ಎಂದರೆ, "ಒಬ್ರಾದ್ರೂ ಕೊನೇವರೆಗೂ ನೋಡ್ಬೇಕಲ್ವೇನೆ? ಪಾಪ, ಆಡ್ತಿರ್ತಾರೆ" ಎನ್ನುತ್ತಿದ್ದಳು. ಫಲಿತಾಂಶ ಅವಳು ಹೇಳುತ್ತಿರಲಿಲ್ಲ, ಇವರು ಕೇಳುತ್ತಿರಲಿಲ್ಲ. ಎಂಥ ಜೋಡಿ!

ಎಣ್ಣೆಯ ಬೆಲೆ ನೆಲಕಚ್ಚಿದ ವರ್ಷ ಭಾವನ ಕಂಪನಿ ಜನರನ್ನು ತೆಗೆಯಲು ಶುರುಮಾಡಿತು. ತೆಗೆಯುತ್ತೇವೆ ಎಂದು ಹೇಳುವ ಮೀಟಿಂಗಿಗೆ ಭಾವ ಹೋಗಿ ಬಂದರು. ಯಾರ್‍ಯಾರನ್ನು ಎಂದು ಹೇಳುವ ಮೀಟಿಂಗಿನ ದಿನ ಹಲ್ಲುನೋವು! ಕಂಪನಿಯವರು ಮನೆಗೆ ಫೋನ್ ಮಾಡಿದರು. ಭಾವ ಹಿತ್ತಲಿನಲ್ಲಿದ್ದರು, ಅಕ್ಕ ಎತ್ತಿಕೊಂಡಳು. ಮರುದಿನ ಬೆಳಿಗ್ಗೆ ಅವರು ಕನ್ನಡಿಯ ಮುಂದೆ ಟೈ ಕಟ್ಟುತ್ತಿದ್ದಾಗ, "ರೀ, ಇವತ್ತು ಟೈ ಬೇಡ" ಎಂದಳಂತೆ. ಅಷ್ಟೇ. ಭಾವ ಟೈ ಬಿಚ್ಚಿ, ಲುಂಗಿ ಉಟ್ಟು, ಇನ್ನೊಂದು ಲೋಟ ಕಾಫಿ ಕೇಳಿದರಂತೆ.

ಅದಾಗಿ ಒಂದೆರಡು ವರ್ಷಕ್ಕೆ ಅಕ್ಕನಿಗೆ ಕ್ಯಾನ್ಸರ್ ಬಂತು. ಮೊದಲ ಸ್ಕ್ಯಾನಿನ ವರದಿ ಚೆನ್ನಾಗಿರಲಿಲ್ಲ. ಔಷಧ ಕೊಟ್ಟು, ಇನ್ನೊಂದು ಸ್ಕ್ಯಾನ್ ಮಾಡಿ ನೋಡೋಣ ಎಂದರು ಡಾಕ್ಟರು. ಇನ್ನೊಂದು ಉಂಟು ಎಂದು ಕೇಳಿದ್ದೇ ತಡ, ಭಾವ ಚುರುಕಾದರು. ಅವಳಿಗೆ ಗಂಜಿ ಕುಡಿಸಿದರು, ವಾಂತಿ ಬಳಿದರು, ಉದುರಿದ ಕೂದಲು ಗುಡಿಸಿದರು. "ಇದು ಮೊದಲನೇ ಆಟ ಅಷ್ಟ" ಎಂದು ದಿನವೂ ಹೇಳುತ್ತಿದ್ದರು. ನಾನು ಫೋನ್ ಮಾಡಿದಾಗಲೂ ಅದೇ ಮಾತು.

ಎರಡನೇ ವರದಿ ಹೇಳುವ ದಿನ ನಾನು ಲಾಸ್ ಕೊಲಿನಾಸಿನ ನನ್ನ ಆಫೀಸಿಗೆ ರಜೆ ಹಾಕಿ ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಹ್ಯೂಸ್ಟನ್ನಿನ ಆಸ್ಪತ್ರೆಗೆ ಹೋದೆ. ಅವರು ಕೆಳಗೆ ಲಾಬಿಯಲ್ಲಿ ಕೂತಿರಲಿ, ಒಳಗೆ ನೀನು ಬಾ ಸಾಕು ಎಂದಳು ಅಕ್ಕ. ಭಾವ ಅಲ್ಲೇ ಕೂತುಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಇದೂ ಫುಟ್‌ಬಾಲೇ? ಇವರ ಪಾಲಿನ ಸೋಲನ್ನೆಲ್ಲ ಜನ್ಮವಿಡೀ ಇವಳೇ ನೋಡಬೇಕೇ? ಲಿಫ್ಟಿನಲ್ಲಿ ಬಾಯಿ ತೆರೆದೆ. ಸುಮ್ಮನಿರು ಎಂದು ಅಕ್ಕ ಕೈ ಒತ್ತಿದಳು.

ಡಾಕ್ಟರು ಕುರ್ಚಿ ಎಳೆದುಕೊಂಡು ಮಾತು ತೆಗೆಯುವಷ್ಟರಲ್ಲಿ ಬಾಗಿಲು ತೆರೆಯಿತು. ಭಾವ! ಮೆಟ್ಟಿಲು ಹತ್ತಿ ಬಂದಿದ್ದರು, ಏದುಸಿರು ಬಿಡುತ್ತಿದ್ದರು. ನೇರ ಅಕ್ಕನ ಮುಂದೆ ಬಂದು ನಿಂತರು.

"ನೀ ಹೊರಗ ಹೋಗಿ ಕೂಡು. ಇಷ್ಟು ವರ್ಷ ನನ್ನ ಪಾಲಿಂದೂ ನೀನ ನೋಡೀದಿ. ಇದನ್ನ ನಾ ಕೇಳ್ತೀನಿ."

ಅಕ್ಕ ಅವರ ಮುಖವನ್ನೇ ನೋಡಿದಳು. ಕೈಚೀಲವನ್ನು ಅವರ ಕೈಗೆ ಕೊಟ್ಟು ಎದ್ದು ಹೋದಳು. ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಭಾವ ಎಲ್ಲವನ್ನೂ ಕೇಳಿದರು. ಔಷಧ ಕೆಲಸ ಮಾಡಿಲ್ಲ, ಲಿವರಿಗೂ ಹರಡಿದೆ, ಇನ್ನು ನೋವಾಗದಂತೆ ನೋಡಿಕೊಳ್ಳುವುದಷ್ಟೇ. ಇನ್ನೆಷ್ಟು ಕಾಲ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಕೇಳಿದ್ದು ಭಾವ. ಉತ್ತರ ಮುಗಿಯುವವರೆಗೂ ಡಾಕ್ಟರ ಮುಖದಿಂದ ಕಣ್ಣು ಕೀಳಲಿಲ್ಲ.

ಹೊರಗೆ ಬಂದು ಅಕ್ಕನ ಪಕ್ಕ ಕೂತು, ಡಾಕ್ಟರು ಹೇಳಿದ್ದನ್ನೆಲ್ಲ ಒಂದಕ್ಷರ ಮುಚ್ಚಿಡದೆ ಹೇಳಿದರು. ನಡುವೆ ಒಮ್ಮೆಯೂ ನಿಲ್ಲಿಸಲಿಲ್ಲ.

"ನಿಮಗೆ ಹೇಳೋಕೂ ಬರುತ್ತಲ್ರೀ" ಎಂದಳು ಅಕ್ಕ.

ನಮ್ಮಕ್ಕ ಯಾರ ಮುಂದೆಯೂ ಅತ್ತವಳಲ್ಲ. ಅವತ್ತು ಆಸ್ಪತ್ರೆಯ ಹಜಾರದಲ್ಲಿ ಭಾವನ ಹೆಗಲ ಮೇಲೆ ತಲೆಯಿಟ್ಟು, ಸಾಕಾಗುವಷ್ಟು ಅತ್ತಳು.